ಸಿನಗಾಗ್: ಯಾರ ಕೆಲಸ ಏನು, ಯಾರ ಜಾಗ ಎಲ್ಲಿ?

ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಸಿನಗಾಗ್ ಎಂದು ಹೆಸರು. ಮುಂಬೈಯ ಬೆನೆ ಇಸ್ರೇಲ್ ಯಹೂದಿಗಳು 1796ರಲ್ಲಿ ಕಟ್ಟಿದ ತಮ್ಮ ಮೊದಲ ಸಿನಗಾಗನ್ನು ‘ಮಸೀದಿ’ ಎಂದೇ ಕರೆಯುತ್ತಿದ್ದರು. ಅವರ ಮುಖ್ಯಸ್ಥನಿಗೆ ಮುಕದ್ದಮ್ ಎಂಬ ಹೆಸರಿತ್ತು. ಮನೆಯಲ್ಲಿ ಉರ್ದು ಮಾತಾಡುವ ನನಗೆ ಈ ಪದಗಳು ಹೊಸತಲ್ಲ. ಹಾಗಾಗಿ ಒಳಗಿನ ವ್ಯವಸ್ಥೆಯನ್ನೂ ತಿಳಿಯುವ ಆಸೆಯಾಯಿತು.

ಕೂರುವ ಜಾಗ

ಜೆರುಸಲೇಮಿನ ದಿಕ್ಕಿನ ಗೋಡೆಯಲ್ಲಿ ತೋರಾ ಸುರುಳಿಗಳ ಕಪಾಟು ಇರುತ್ತದೆ. ತೋರಾ ಎಂದರೆ ನಾವು ಹೇಳುವ ತೌರಾತ್. ಅದನ್ನು ಓದುವ ಕಟ್ಟೆಯ ಹೆಸರು ಬೀಮಾ. ಹಳೆಯ ಪದ್ಧತಿಯಲ್ಲಿ ಇದು ನಡುವೆ ಇರುತ್ತದೆ. ಹಿರಿಯರು ಕಪಾಟಿಗೆ ಬೆನ್ನು ಮಾಡಿ ಜನರಿಗೆ ಎದುರಾಗಿ ಕೂರಬೇಕು, ಜನರು ಕಪಾಟಿನ ಕಡೆ ಮುಖ ಮಾಡಬೇಕು ಎಂದು ತೊಸೆಫ್ತಾ ಎಂಬ ಪ್ರಾಚೀನ ಗ್ರಂಥ ಹೇಳುತ್ತದೆ.

ಕೆಲಸಗಳು

ರಬ್ಬಿ ಧರ್ಮಶಾಸ್ತ್ರ ಕಲಿಸುವ ಗುರು. ಅವರಿಲ್ಲದಿದ್ದರೂ ಪ್ರಾರ್ಥನೆ ನಿಲ್ಲುವುದಿಲ್ಲ. ಸಂಪ್ರದಾಯದ ಪ್ರಕಾರ ವಯಸ್ಕ ಗಂಡಸರು ಹತ್ತು ಮಂದಿ ಸೇರಿದರೆ ಸಾಕು. ಕೊಚ್ಚಿಯ ಯಹೂದಿಗಳು ಹಿರಿಯರ ಮುಂದಾಳತ್ವದಲ್ಲೇ ಎಲ್ಲ ನಡೆಸಿಕೊಂಡು ಬಂದರು. ಹಜ್ಜಾನ್ ಪ್ರಾರ್ಥನೆ ಹೇಳಿಸುವವರು. ಶಮ್ಮಾಶ್ ಕಟ್ಟಡದ ಕೆಲಸಕಾರ್ಯ ನೋಡಿಕೊಳ್ಳುವವರು.

ನನಗೆ ಹೆಚ್ಚು ಹಿಡಿಸಿದ್ದು ಗಬ್ಬಾಯ್ ಹುದ್ದೆ. ತೋರಾ ಓದುವಾಗ ಇವರು ಪಕ್ಕದಲ್ಲೇ ನಿಂತು, ಓದುವವರು ತಪ್ಪಿದರೆ ತಿದ್ದುತ್ತಾರೆ. ತರಾವೀಹ್‌ನಲ್ಲಿ ಹಾಫಿಜರಿಗೆ ಹಿಂದಿನವರು ಲುಕ್ಮಾ ಕೊಡುತ್ತಾರಲ್ಲ, ಹಾಗೆ. ಹಿಂದೆ ಗಬ್ಬಾಯ್ ಎಂದರೆ ದಾನದ ಹಣ ಎತ್ತುವವರು. ಆ ದಾನಕ್ಕೆ ಹೀಬ್ರೂವಿನಲ್ಲಿ ‘ಸದಾಕಾ’ ಎನ್ನುತ್ತಾರೆ, ನಮ್ಮ ಸದಕಾದಂತೆಯೇ. ಅದನ್ನು ಇಬ್ಬರು ಸೇರಿ ಎತ್ತಬೇಕು, ಮೂವರು ಸೇರಿ ಹಂಚಬೇಕು ಎಂಬುದು ಸುಮಾರು 1800 ವರ್ಷ ಹಳೆಯ ಮಿಶ್ನಾ ಗ್ರಂಥದ ನಿಯಮ. ನಮ್ಮ ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಆಂತರಿಕ ತಪಾಸಣೆ ಎನ್ನುತ್ತೇವೆ.

ನಾನು ಕಲಿತದ್ದು

ಕಳೆದ ವರ್ಷ ಸೀನಿಯರ್‌ಗಳ ಬೀಳ್ಕೊಡುಗೆಗೆ ನಾನೊಬ್ಬನೇ ಹಣ ಎತ್ತಿದ್ದೆ. ಕೊನೆಗೆ 140 ರೂಪಾಯಿ ಕಡಿಮೆ ಬಂತು. ಎಲ್ಲಿ ಹೋಯಿತೋ ಇಂದಿಗೂ ಗೊತ್ತಿಲ್ಲ. ಕೈಯಿಂದ ಹಾಕಿ ಸರಿಮಾಡಿದೆ. ಯಾರೂ ಏನೂ ಅನ್ನಲಿಲ್ಲ. ಆದರೆ ಇಬ್ಬರು ಗೆಳೆಯರು ಮೊದಲಿನಂತೆ ಮಾತಾಡಲಿಲ್ಲ. ನಾನು ತೆಗೆದುಕೊಂಡಿಲ್ಲ ಎಂದು ಹೇಳಲು ನನ್ನ ಜೊತೆ ಒಬ್ಬ ಸಾಕ್ಷಿಯೂ ಇರಲಿಲ್ಲ.

ಇಬ್ಬರು ಇರಬೇಕೆಂಬ ನಿಯಮ ಕಳ್ಳನನ್ನು ಹಿಡಿಯಲಿಕ್ಕೆ ಮಾತ್ರ ಎಂದುಕೊಂಡಿದ್ದೆ. ಪ್ರಾಮಾಣಿಕನನ್ನು ಕಾಪಾಡುವುದೂ ಅದೇ. ಈ ಸಲ ತರಗತಿಯ ಹಣ ಎತ್ತಲು ನನ್ನ ಹೆಸರು ಬಂದಾಗ, ಇನ್ನೊಬ್ಬರ ಹೆಸರನ್ನೂ ಬರೆಯಿರಿ ಸರ್ ಎಂದು ಕೇಳಿಕೊಂಡೆ.