ವಿಭವ, ಪ್ರವಾಹ, ರೋಧ, ಸಾಮರ್ಥ್ಯ

ಘಟಪ್ರಭೆಯ ನೀರು ಗೋಕಾಕದ ಬಂಡೆಯಿಂದ ಸುಮಾರು 52 ಮೀಟರು ಕೆಳಕ್ಕೆ ಧುಮುಕುವುದನ್ನು ನಮ್ಮ ಸೀಮೆಯ ವಿದ್ಯಾರ್ಥಿಗಳಲ್ಲಿ ಕಾಣದವರು ವಿರಳ. ಆ ನೀರಿನ ಬಲದಿಂದ 1887ರಲ್ಲಿಯೇ ಅಲ್ಲಿ ವಿದ್ಯುತ್ತನ್ನು ಉತ್ಪಾದಿಸಲಾಯಿತೆಂದು ಜಿಲ್ಲೆಯ ಇತಿವೃತ್ತವು ಹೇಳುತ್ತದೆ. ಮನೆಯ ಬಾಗಿಲಿನಲ್ಲಿಯೇ ಇಂಥ ಪಾಠವಿರುವಾಗ ವಿದ್ಯುತ್ತಿನ ಲೆಕ್ಕಕ್ಕೆ ಅಂಜುವುದು ತರವಲ್ಲ. ಕನ್ನಡ ಪಂಡಿತನಿಗೆ ಈ ಶಾಸ್ತ್ರದಲ್ಲೇನು ಕೆಲಸವೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ಪದದ ಅರ್ಥವನ್ನರಿಯದೆ ಸೂತ್ರವನ್ನು ಕಂಠಪಾಠ ಮಾಡಿದವರೇ ಈ ಲೆಕ್ಕದಲ್ಲಿ ಹೆಚ್ಚಾಗಿ ಎಡವುತ್ತಾರೆ.

ಜಲಪಾತದ ಎತ್ತರವು ಮಳೆಗಾಲದಲ್ಲಿಯೂ ಬೇಸಿಗೆಯಲ್ಲಿಯೂ ಒಂದೇ. ಆದರೆ ಬೇಸಿಗೆಯ ಸಣ್ಣ ಧಾರೆಯಿಂದ ದೊಡ್ಡ ಯಂತ್ರವು ತಿರುಗದು. ಒಂದು ಸೆಕೆಂಡಿಗೆ ಒಂದು ಘನ ಮೀಟರು ನೀರು 52 ಮೀಟರು ಬಿದ್ದರೆ ಅದರ ಸಾಮರ್ಥ್ಯವು ಸುಮಾರು 510 ಕಿಲೋವ್ಯಾಟು. ನೀರು ಅರ್ಧವಾದರೆ ಸಾಮರ್ಥ್ಯವೂ ಅರ್ಧ. ಎತ್ತರ ಮತ್ತು ಹರಿವು ಇವೆರಡರ ಗುಣಾಕಾರದಿಂದಲೇ ಬಲವು ಹುಟ್ಟುತ್ತದೆ. ವಿದ್ಯುತ್ತಿನಲ್ಲಿ ಎತ್ತರದ ಸ್ಥಾನದಲ್ಲಿರುವುದು ವಿಭವಾಂತರ, ಅದರ ಮಾನ ವೋಲ್ಟು. ಹರಿವಿನ ಸ್ಥಾನದಲ್ಲಿರುವುದು ಪ್ರವಾಹ, ಅದರ ಮಾನ ಆಂಪಿಯರು. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯವು ವ್ಯಾಟಿನಲ್ಲಿ ದೊರೆಯುತ್ತದೆ.

ಇನ್ನು ರೋಧ. 'ರುಧ್' ಎಂದರೆ ತಡೆ. ವಿರೋಧ, ನಿರೋಧ, ಅವರೋಧ ಎಲ್ಲವೂ ಅದೇ ಧಾತುವಿನ ಮಕ್ಕಳು. ಇಷ್ಟು ನೆನಪಿದ್ದರೆ ಸೂತ್ರವು ತಾನಾಗಿ ಹೊಳೆಯುತ್ತದೆ: ಹೆಚ್ಚು ವೋಲ್ಟು ಹಾಕಿದರೂ ಕಡಿಮೆ ಪ್ರವಾಹ ಹರಿದರೆ ತಡೆ ದೊಡ್ಡದು. ಆದುದರಿಂದ ವೋಲ್ಟನ್ನು ಆಂಪಿಯರಿನಿಂದ ಭಾಗಿಸಬೇಕು. ಬಂದ ಉತ್ತರವು ಓಮ್‌ಗಳಲ್ಲಿ. ಈ ಸಂಬಂಧವನ್ನು 1827ರ ಗ್ರಂಥದಲ್ಲಿ ಪ್ರಕಟಿಸಿದ ಜರ್ಮನಿಯ ಗಿಯೋರ್ಗ್ ಓಮ್ ಮಹಾಶಯನು ಶಾಲೆಯ ಅಧ್ಯಾಪಕನಾಗಿದ್ದನೆಂಬುದು ನಮ್ಮಂಥವರಿಗೆ ಸಂತೋಷದ ಸಂಗತಿ.

ಉದಾಹರಣೆಗೆ, 230 ವೋಲ್ಟಿನಲ್ಲಿ 5 ಆಂಪಿಯರು ಎಳೆಯುವ ವಿದ್ಯುತ್ ಒಲೆಯನ್ನು ತೆಗೆದುಕೊಳ್ಳೋಣ. ರೋಧ 46 ಓಮ್, ಸಾಮರ್ಥ್ಯ 1150 ವ್ಯಾಟು. ಸಂಜೆಯ ಹೊತ್ತು ವೋಲ್ಟು 184ಕ್ಕೆ ಇಳಿಯಿತೆನ್ನಿ. ಸುರುಳಿಯ ರೋಧವು ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ (ಕಾವಿಗೆ ತಕ್ಕಂತೆ ಕೊಂಚ ಬದಲಾಗುವ ಸೂಕ್ಷ್ಮವನ್ನು ಇಲ್ಲಿ ಬಿಟ್ಟಿದೆ) ಪ್ರವಾಹವು 4 ಆಂಪಿಯರಿಗೆ ಇಳಿಯುವುದು. ಸಾಮರ್ಥ್ಯ 736 ವ್ಯಾಟು. ವೋಲ್ಟು ಇಳಿದದ್ದು ಐದರಲ್ಲೊಂದು ಪಾಲು, ಸಾಮರ್ಥ್ಯ ಇಳಿದದ್ದು ಮೂರರಲ್ಲೊಂದು ಪಾಲಿಗೂ ಮಿಕ್ಕು! ಬಿಲ್ಲು ಉಳಿಯಿತೆಂದು ಹಿಗ್ಗಬೇಡಿರಿ. ಒಂದು ಗಂಟೆಯಲ್ಲಿ ದೊರೆಯುತ್ತಿದ್ದ ಶಾಖಕ್ಕೆ ಈಗ ಒಂದೂವರೆ ಗಂಟೆಗೂ ಹೆಚ್ಚು ಬೇಕು. ಮೀಟರು ಎಣಿಸುವುದು ಸಾಮರ್ಥ್ಯವನ್ನಲ್ಲ, ಶಕ್ತಿಯನ್ನು. ಸಾವಿರ ವ್ಯಾಟು ಒಂದು ಗಂಟೆ ದುಡಿದರೆ ಒಂದು ಯುನಿಟ್. ಈ ಎರಡು ಪದಗಳನ್ನು ಒಂದೇ ಎಂದು ಬರೆಯುವ ವಿದ್ಯಾರ್ಥಿಗೆ ನಾನಾದರೆ ಅಂಕ ಕೊಡೆನು.

ಮೂಡಲಗಿಯ ಕಬ್ಬಿನ ಹೊಲಗಳಲ್ಲಿಯೂ, 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿಕೊಂಡ ಹುಕ್ಕೇರಿ ಸೀಮೆಯಲ್ಲಿಯೂ ರೈತನಿಗೆ ಒಲೆಗಿಂತ ಪಂಪಿನ ಚಿಂತೆಯೇ ದೊಡ್ಡದು. ಇಲ್ಲಿ ಎಚ್ಚರ ಬೇಕು. ಒಲೆಯ ಸುರುಳಿಯಂತೆ ಮೋಟಾರಿಗೆ ಒಂದು ಸ್ಥಿರವಾದ ರೋಧವನ್ನು ಆರೋಪಿಸಲಾಗದು. ಬಾವಿಯ ಆಳ ಅಷ್ಟೇ, ಎತ್ತಬೇಕಾದ ನೀರೂ ಹೆಚ್ಚುಕಡಿಮೆ ಅಷ್ಟೇ. ವೋಲ್ಟು ಇಳಿದಾಗ ಮೋಟಾರು ಅದೇ ಭಾರವನ್ನು ಹೊರಲು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. 5 ಆಂಪಿಯರು ಎಳೆಯುತ್ತಿದ್ದುದು 6.25 ಎಳೆಯಿತೆಂದು ಭಾವಿಸಿರಿ. ಒಳಗಿನ ಸುತ್ತುಗಳ ಕಾವು ಪ್ರವಾಹದ ವರ್ಗವನ್ನು ಅನುಸರಿಸುವುದರಿಂದ ಅದು ಒಂದೂವರೆ ಪಟ್ಟಿಗೂ ಮೀರುತ್ತದೆ. ಹೊದಿಕೆ ಕರಗಿ ಮೋಟಾರು ಸುಡುತ್ತದೆ. ರಿವೈಂಡಿಂಗ್ ಖರ್ಚು, ಒಣಗುವ ಬೆಳೆ ಎರಡೂ ರೈತನ ತಲೆಗೆ. ಇದನ್ನರಿತವನು ವೋಲ್ಟ್‌ಮೀಟರನ್ನು ನೋಡದೆ ಗುಂಡಿಯನ್ನು ಒತ್ತನು. ಮೋಟಾರಿನ ವ್ಯಾಟನ್ನು ತೆಗೆಯುವಾಗ ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. ಮೂರು ಫೇಸಿನದಾದರೆ 3ರ ವರ್ಗಮೂಲವೂ ಸೇರುವುದು.

ದೋಷವೆಲ್ಲ ದೂರದ ಲೈನಿನದೇ ಅಲ್ಲ. ಮೀಟರಿನಿಂದ ಬಾವಿಗೆ ಎಳೆದ ತಂತಿಯೂ ರೋಧವನ್ನೊಡ್ಡುತ್ತದೆ. 2.5 ಚದರ ಮಿಲಿಮೀಟರಿನ ಅಲ್ಯುಮಿನಿಯಂ ತಂತಿಯು 90 ಮೀಟರು ಹೋಗಿ ಹಿಂತಿರುಗಿದರೆ ಅದರ ರೋಧ ಸುಮಾರು 2 ಓಮ್. 5 ಆಂಪಿಯರು ಹರಿದರೆ 10 ವೋಲ್ಟು ದಾರಿಯಲ್ಲೇ ಕಳೆಯುತ್ತದೆ, 50 ವ್ಯಾಟು ವ್ಯರ್ಥವಾಗಿ ತಂತಿಯನ್ನು ಕಾಯಿಸುತ್ತದೆ. 10 ಆಂಪಿಯರು ಹರಿದರೆ 20 ವೋಲ್ಟು, 200 ವ್ಯಾಟು. ಪ್ರವಾಹ ಇಮ್ಮಡಿಸಿತು, ನಷ್ಟ ನಾಲ್ಮಡಿಸಿತು. ಅದೇ ದೂರಕ್ಕೆ 4 ಚದರ ಮಿಲಿಮೀಟರಿನ ತಂತಿಯನ್ನು ಹಾಕಿದರೆ ರೋಧ 1.25 ಓಮ್‌ಗೆ ಇಳಿಯುವುದು. ಆಗ 10 ಆಂಪಿಯರಿಗೆ ಎಷ್ಟು ವೋಲ್ಟು ಕಳೆಯುವುದು, ಎಷ್ಟು ವ್ಯಾಟು ಪೋಲಾಗುವುದು ಎಂಬುದನ್ನು ವಿದ್ಯಾರ್ಥಿಯು ಹಾಳೆಯ ಮೇಲೆ ತಾನೇ ಮಾಡಿ ನೋಡತಕ್ಕದ್ದು; ಬಳಿಕ ತನ್ನ ಹೊಲದ ತಂತಿಯ ಉದ್ದವನ್ನು ಅಳೆದು ಅದಕ್ಕೂ ಇದೇ ಲೆಕ್ಕವನ್ನು ಹಾಕತಕ್ಕದ್ದು.