ಪತ್ರಿಕಾ ಸ್ವಾತಂತ್ರ್ಯ: 1950ರ ಒಂದು ಮೊಕದ್ದಮೆ

ನಮ್ಮ ಸಂವಿಧಾನದಲ್ಲಿ ‘ಪತ್ರಿಕಾ ಸ್ವಾತಂತ್ರ್ಯ’ವೆಂಬ ಶಬ್ದವೇ ಇಲ್ಲ. 19ನೆಯ ಅನುಚ್ಛೇದವು ನಾಗರಿಕನಿಗಿತ್ತ ವಾಕ್‌ಸ್ವಾತಂತ್ರ್ಯದಲ್ಲಿ ಅದು ಅಡಕವಾಗಿದೆಯೆಂದು ನಿರ್ಣಯವಾದದ್ದು ನ್ಯಾಯಾಲಯದಲ್ಲಿ.

ಸಂವಿಧಾನವು ಜಾರಿಗೆ ಬಂದು ಒಂದು ತಿಂಗಳು ಕಳೆದಿತ್ತು, ಅಷ್ಟೆ. 1950ರ ಮಾರ್ಚ್ 1ರಂದು ಮದರಾಸು ಸರಕಾರವು ಮುಂಬಯಿಯಿಂದ ಹೊರಡುತ್ತಿದ್ದ ‘ಕ್ರಾಸ್ ರೋಡ್ಸ್’ ಎಂಬ ಇಂಗ್ಲಿಷ್ ವಾರಪತ್ರಿಕೆಯ ಪ್ರವೇಶವನ್ನೂ ಮಾರಾಟವನ್ನೂ ನಿಷೇಧಿಸಿತು. ಆಗ ರೋಣ, ನರಗುಂದ, ಗಜೇಂದ್ರಗಡಗಳು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಬಳ್ಳಾರಿ, ಮಂಗಳೂರುಗಳು ಮದರಾಸಿನಲ್ಲಿ. ಹೀಗಾಗಿ ಈ ಆಜ್ಞೆ ರೋಣದ ಓದುಗನನ್ನು ಮುಟ್ಟಲಿಲ್ಲ. ಬಳ್ಳಾರಿಯ ಕನ್ನಡಿಗನಿಗೆ ಅದೇ ಸಂಚಿಕೆ ನಿಷಿದ್ಧವಾಯಿತು. ನಾಡು ಹರಿದು ಹಂಚಿಹೋದುದರ ಫಲವನ್ನು ನಾವು ಓದಿನಲ್ಲಿಯೂ ಉಂಡೆವೆನ್ನಬೇಕು.

ಸಂಪಾದಕ ರೊಮೇಶ್ ಥಾಪರರು ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮೇ 26ರಂದು ಪತಂಜಲಿ ಶಾಸ್ತ್ರಿಗಳು ಬರೆದ ಬಹುಮತದ ತೀರ್ಪು ಅವರ ಪರವಾಯಿತು. ಫಜಲ್ ಅಲಿಯವರದು ಭಿನ್ನಮತ. ಪ್ರಕಟಿಸುವ ಹಕ್ಕಿನಲ್ಲಿ ಹಂಚುವ ಹಕ್ಕೂ ಸೇರಿದೆಯೆಂಬುದು ತೀರ್ಪಿನ ತಿರುಳು. ಓದುಗನ ಕೈಸೇರದ ಪತ್ರಿಕೆ ಅಚ್ಚಾಗಿಯೂ ಏನು ಫಲ? ರಾಜ್ಯದ ಭದ್ರತೆಗೆ ಧಕ್ಕೆ ತರುವ ಮಾತನ್ನು ತಡೆಯಲು ಅಂದಿನ ಸಂವಿಧಾನದಲ್ಲಿ ಅವಕಾಶವಿತ್ತು. ‘ಸಾರ್ವಜನಿಕ ಸುವ್ಯವಸ್ಥೆ’ಯೆಂಬ ವಿಶಾಲವಾದ ಕಾರಣಕ್ಕೆ ಇರಲಿಲ್ಲ.

ಸರಕಾರವು ಸುಮ್ಮನಿರಲಿಲ್ಲ. 1951ರ ಜೂನ್ 18ರ ಪ್ರಥಮ ತಿದ್ದುಪಡಿಯು ಆ ಕಾರಣವನ್ನೂ ಸೇರಿಸಿತು. ಆದರೆ ನಿರ್ಬಂಧವು ‘ಯುಕ್ತ’ವಾಗಿರಬೇಕೆಂಬ ವಿಶೇಷಣವೂ ಅದರೊಡನೆ ಬಂದಿತು. ಈ ಒಂದು ಪದವನ್ನು ಬಿಡಿಸಿ ಹೇಳದೆ ಅಧ್ಯಾಪಕರು ಪಾಠವನ್ನು ಮುಂದುವರಿಸಲಾಗದು. ನಿರ್ಬಂಧವನ್ನು ತೂಗಿನೋಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟುದು ಅದೇ.

ಮುಂದೆ, ಪತ್ರಿಕೆಯ ಪುಟಸಂಖ್ಯೆಗೆ ತಕ್ಕಂತೆ ಬೆಲೆ ಗೊತ್ತುಪಡಿಸುವ 1956ರ ಕಾಯಿದೆಯನ್ನು ಪುಣೆಯ ‘ಸಕಾಳ’ ಪ್ರಶ್ನಿಸಿತು. 1961ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಾಯಿದೆ ಅಸಿಂಧುವೆಂದು ಸಾರಿದಾಗ, ಹಂಚುವ ಹಕ್ಕಿನ ಅದೇ ತತ್ತ್ವವು ಆಧಾರವಾಯಿತು.