ಹಳೆಯ ವಾಹನದ ತಡವರಿಕೆ ಮತ್ತು ಏರಿಳಿತ: ಕಾರಣ ಶೋಧನೆ ಹಾಗೂ ಲೆಕ್ಕಪತ್ರ

ಸರಕು ಸಾಗಣೆಗೆ ಹತ್ತು ಹನ್ನೆರಡು ವರ್ಷ ಹಳೆಯದಾದ ಪೆಟ್ರೋಲ್ ವ್ಯಾನುಗಳನ್ನು ಇಂದಿಗೂ ಬಳಸುತ್ತಿರುವ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ನಮ್ಮಲ್ಲಿ ಅನೇಕರಿದ್ದಾರೆ. ಇಂತಹ ವಾಹನಗಳಲ್ಲಿ ಎರಡು ದೋಷಗಳು ಸಾಮಾನ್ಯ. ಆಕ್ಸಿಲರೇಟರ್ ಒತ್ತಿದೊಡನೆ ವೇಗ ಹೆಚ್ಚದೆ ಎಂಜಿನ್ ಕ್ಷಣಕಾಲ ತಡವರಿಸುವುದು ಮೊದಲನೆಯದು. ಪೆಡಲ್ ಒಂದೇ ಸ್ಥಿತಿಯಲ್ಲಿದ್ದರೂ ಎಂಜಿನ್ ವೇಗ ತಾನಾಗಿ ಏರಿಳಿಯುವುದು ಎರಡನೆಯದು. ಕಾರಣ ಗುರುತಿಸದೆ ಒಂದಾದ ಮೇಲೊಂದು ಬಿಡಿಭಾಗ ಬದಲಿಸುತ್ತ ಹೋದಲ್ಲಿ ಹಣ ವ್ಯಯವಾಗುತ್ತದೆ, ಸರಕು ತಲುಪಿಸುವ ವಾಯಿದೆಯೂ ತಪ್ಪುತ್ತದೆ. ಹೆದ್ದಾರಿಯಲ್ಲಿ ಲಾರಿಯೊಂದನ್ನು ದಾಟುವಾಗ ಪಿಕಪ್ ಕೈಕೊಟ್ಟರೆ ಪ್ರಾಣಾಪಾಯವೂ ಉಂಟು. ಮಾಲೀಕರು ಈ ವಿಷಯದಲ್ಲಿ ಅರಿತಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

1. ಮೂಲ ತತ್ವ

ಒಂದು ತೂಕ ಪೆಟ್ರೋಲ್ ಪೂರ್ಣವಾಗಿ ದಹಿಸಲು ಸುಮಾರು 14.7 ತೂಕ ಗಾಳಿ ಬೇಕು. ಗಾಳಿ ಹೆಚ್ಚಾದರೂ ಇಂಧನ ಕಡಿಮೆಯಾದರೂ ಮಿಶ್ರಣ ತೆಳುವಾಗಿ ಮೇಲಿನ ಎರಡೂ ದೋಷಗಳು ತಲೆದೋರಬಹುದು. ಮಿಶ್ರಣ ಸರಿಯಿದ್ದರೆ ಕಿಡಿಯ ವ್ಯವಸ್ಥೆಯನ್ನು ಪರಿಶೀಲಿಸಬೇಕು. ಗಾಳಿ, ಇಂಧನ, ಕಿಡಿ ಎಂಬ ಈ ಮೂರರಲ್ಲಿ ದೋಷ ಎಲ್ಲಿದೆ ಎಂಬುದೇ ಮೊದಲ ಪ್ರಶ್ನೆ.

2. ದೋಷ ಯಾವಾಗ ಕಾಣಿಸುತ್ತದೆ?

ಚಾಲಕನಿಂದ ಈ ವಿವರವನ್ನು ಬರೆಸಿಕೊಳ್ಳುವುದು ಖರ್ಚಿಲ್ಲದ ಪರೀಕ್ಷೆ.

ಅ) ನಿಂತಲ್ಲಿ ಐಡ್ಲಿಂಗ್ ಏರಿಳಿದು, ಓಡುವಾಗ ಸರಿಹೋದರೆ: ವ್ಯಾಕ್ಯೂಮ್ ಪೈಪು ಅಥವಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಲ್ಲಿ ಗಾಳಿ ಸೋರಿಕೆ, ಇಲ್ಲವೆ ಥ್ರಾಟಲ್ ಬಳಿ ಕಟ್ಟಿದ ಮಸಿ. ಐಡ್ಲಿಂಗಿನಲ್ಲಿ ಎಂಜಿನ್ ಸೇವಿಸುವ ಗಾಳಿಯೇ ಅಲ್ಪ. ಆದ್ದರಿಂದ ಸಣ್ಣ ಸೋರಿಕೆಯೂ ದೊಡ್ಡದಾಗಿ ತೋರುತ್ತದೆ.

ಆ) ಭಾರ ಹೇರಿ ಏರು ಹತ್ತುವಾಗ ಎಳೆತ ಕುಗ್ಗಿದರೆ: ಇಂಧನದ ಕೊರತೆ. ಫಿಲ್ಟರ್ ಕಟ್ಟಿರಬಹುದು, ಪಂಪಿನ ಒತ್ತಡ ಇಳಿದಿರಬಹುದು. ಒತ್ತಡವನ್ನು ಗೇಜಿನಿಂದ ಅಳೆಸದೆ ಪಂಪು ಬದಲಿಸಬಾರದು.

ಇ) ಪೆಡಲನ್ನು ಹಠಾತ್ತನೆ ಒತ್ತಿದಾಗ ಮಾತ್ರ ತಡವರಿಸಿದರೆ: ಕಾರ್ಬುರೇಟರ್ ಗಾಡಿಯಲ್ಲಿ ಆಕ್ಸಿಲರೇಟರ್ ಪಂಪು, ಎಂಪಿಎಫ್‌ಐ ಗಾಡಿಯಲ್ಲಿ ಥ್ರಾಟಲ್ ಸೆನ್ಸರ್ ಪರೀಕ್ಷಿಸಬೇಕು.

ಈ) ಮಳೆ, ತೇವದ ದಿನ ಹೆಚ್ಚಾದರೆ: ಪ್ಲಗ್ ಹಾಗೂ ಪ್ಲಗ್ ವೈರುಗಳು. ಬಿಚ್ಚಿದ ಪ್ಲಗ್ಗಿನ ತುದಿ ಬೆಳ್ಳಗಿದ್ದರೆ ಮಿಶ್ರಣ ತೆಳು, ಮಸಿ ಹಿಡಿದಿದ್ದರೆ ಮಿಶ್ರಣ ಗಟ್ಟಿ ಎಂದು ಸ್ಥೂಲವಾಗಿ ತಿಳಿಯಬಹುದು.

ಸ್ಕ್ಯಾನರ್ ಜೋಡಿಸುವ ಗಾಡಿಗಳಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಿ 0171 ಎಂಬ ಸಂಕೇತ ಮಿಶ್ರಣ ತೆಳುವಾಗಿದೆ ಎಂದಷ್ಟೇ ಹೇಳುತ್ತದೆ. ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದು ಅದರ ಅರ್ಥವಲ್ಲ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಸೋರಿಕೆ ಹುಡುಕುವ ಪದ್ಧತಿ ಬೆಂಕಿಗೆ ಆಸ್ಪದ ನೀಡುವುದರಿಂದ ಅದನ್ನು ತಡೆಯಬೇಕು.

3. ಎಥನಾಲ್ ಮಿಶ್ರಿತ ಪೆಟ್ರೋಲ್

2025ರಲ್ಲಿ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ಕ್ಕೆ ತಲುಪಿತು. ಎಥನಾಲ್‌ನಲ್ಲಿ ಆಮ್ಲಜನಕವಿರುವುದರಿಂದ, ತಾನಾಗಿ ಹೊಂದಿಕೊಳ್ಳಲಾರದ ಕಾರ್ಬುರೇಟರಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಅದು ನೀರನ್ನು ಹೀರುತ್ತದೆ. ಹಳೆಯ ರಬ್ಬರ್ ಪೈಪುಗಳನ್ನು ಸಡಿಲಿಸಬಹುದು. ಇಂಧನದ ಪೈಪು ಮತ್ತು ಫಿಲ್ಟರುಗಳನ್ನು ಮೊದಲಿಗಿಂತ ಬೇಗ ಬೇಗ ನೋಡಿಸುವುದು ಒಳಿತು.

4. ಲೆಕ್ಕದ ಪುಸ್ತಕ ಹೇಳುವುದೇನು?

ವ್ಯಾನೊಂದು ತಿಂಗಳಿಗೆ 1,500 ಕಿ.ಮೀ. ಓಡುತ್ತದೆಂದು ಭಾವಿಸೋಣ. ಲೀಟರಿಗೆ 14 ಕಿ.ಮೀ. ಇದ್ದುದು 12ಕ್ಕೆ ಇಳಿದರೆ ತಿಂಗಳಿಗೆ ಸುಮಾರು 18 ಲೀಟರ್ ಹೆಚ್ಚು ಬೇಕು. ಲೀಟರಿಗೆ ರೂ. 100 ಎಂದು ಹಿಡಿದರೆ ವರ್ಷಕ್ಕೆ ಸುಮಾರು ರೂ. 21,500. ಈ ಮೊತ್ತ ದುರಸ್ತಿ ಖಾತೆಯಲ್ಲಿ ಕಾಣದು. ಇಂಧನ ವೆಚ್ಚದಲ್ಲಿ ಅಡಗಿರುತ್ತದೆ. ಎಥನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ, ಶೇ. 20ರ ಮಿಶ್ರಣದಲ್ಲಿ ಈ ಕೊರತೆ ಶೇ. 7ರಷ್ಟಾಗುತ್ತದೆ. ನಮ್ಮ ಉದಾಹರಣೆಯ ಇಳಿಕೆ ಶೇ. 14. ಆದುದರಿಂದ ಪೂರ್ತಿ ಹೊಣೆಯನ್ನು ಇಂಧನದ ಮೇಲೆ ಹೊರಿಸಲಾಗದು, ಗಾಡಿಯಲ್ಲೂ ದೋಷವಿದೆ. ಪ್ರತಿ ವಾಹನಕ್ಕೆ ಕಿ.ಮೀ., ಲೀಟರ್, ಬದಲಿಸಿದ ಭಾಗ ಮತ್ತು ದಿನಾಂಕ ನಮೂದಿಸುವ ಪ್ರತ್ಯೇಕ ಪುಟವಿದ್ದರೆ ದೋಷ ಆರಂಭವಾದ ತಿಂಗಳೇ ಗೋಚರಿಸುತ್ತದೆ.

5. ತೆರಿಗೆಯ ದೃಷ್ಟಿ

ವ್ಯವಹಾರಕ್ಕೆ ಬಳಸುವ ವಾಹನವನ್ನು ಸುಸ್ಥಿತಿಯಲ್ಲಿಡುವ ಚಾಲ್ತಿ ದುರಸ್ತಿ ರಾಜಸ್ವ ವೆಚ್ಚ; ಅದೇ ವರ್ಷದ ಆದಾಯದಿಂದ ಕಳೆಯಬಹುದು. ಸಿಎನ್‌ಜಿ ಕಿಟ್‌ನಂತಹ ಹೊಸ ಅಳವಡಿಕೆ ಬಂಡವಾಳ ವೆಚ್ಚವೆನಿಸಬಹುದು. ಒಂದೇ ದಿನ ಒಬ್ಬ ಗ್ಯಾರೇಜಿನವರಿಗೆ ರೂ. 10,000 ಮೀರಿ ನಗದು ಪಾವತಿಸಿದರೆ ಆ ವೆಚ್ಚ ಸಾಮಾನ್ಯವಾಗಿ ಅಮಾನ್ಯವಾಗುತ್ತದೆ. ಕಾಂಪೊಸಿಷನ್ ಯೋಜನೆಗೆ ಒಳಪಡದ ನೋಂದಾಯಿತ ವರ್ತಕರು, ತೆರಿಗೆಗೊಳಪಡುವ ವಹಿವಾಟಿಗೆ ಬಳಸುವ ಸರಕು ವಾಹನದ ದುರಸ್ತಿಯ ಜಿಎಸ್‌ಟಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯಬಹುದು. ಮಾಲೀಕರ ಓಡಾಟದ ಕಾರಿನ ದುರಸ್ತಿಗೆ ಸಾಮಾನ್ಯವಾಗಿ ಇದು ದೊರೆಯದು. ಜಿಎಸ್‌ಟಿ ಸಂಖ್ಯೆ ಹಾಗೂ ಗಾಡಿಯ ನಂಬರ್ ನಮೂದಿಸಿದ ಬಿಲ್ ಕೇಳಿ ಪಡೆಯಿರಿ.

ಮೊದಲು ಕಣ್ಣಿನ ಪರೀಕ್ಷೆ, ಬಳಿಕ ಅಳತೆ, ಕೊನೆಗೆ ಬಿಡಿಭಾಗ: ಈ ಕ್ರಮವನ್ನು ಪಾಲಿಸಿದಲ್ಲಿ ಅನಗತ್ಯ ವೆಚ್ಚ ಬಹುಮಟ್ಟಿಗೆ ತಪ್ಪುವುದು. ಬದಲಿಸಿದ ಹಳೆಯ ಭಾಗವನ್ನು ಮರಳಿ ಕೇಳಿ ಪಡೆಯುವುದನ್ನೂ ಮಾಲೀಕರು ರೂಢಿಸಿಕೊಳ್ಳಬೇಕು.